ಹಾಳೆ ಹರಿಯಬೇಡಿ, ಬಣ್ಣ ಕೆರೆಯಬೇಡಿ

ಹಳೆ ಕಾರುಗಳನ್ನು ಮತ್ತೆ ರಸ್ತೆಗೆ ತರುತ್ತಿರುವ, ಹಳೆ ಮೋಟಾರು ಜಾಹೀರಾತುಗಳನ್ನು ಕೂಡಿಡುತ್ತಿರುವ ಎಲ್ಲ ಗೆಳೆಯರಿಗೆ,



ನಿಮ್ಮಲ್ಲಿ ಎರಡು ಬಳಗಗಳಿವೆ. ಒಂದು ಬಳಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳೇ ಯಾತ್ರಾಸ್ಥಳ. ಅಲ್ಲಿ ಕಾರ್ಬ್ಯುರೇಟರಿನ ಒಂದು ಸೂಜಿಗಾಗಿ, ಹೆಡ್‌ಲ್ಯಾಂಪಿನ ಒಂದು ಬಳೆಗಾಗಿ ಅಂಗಡಿಯಿಂದ ಅಂಗಡಿಗೆ ಅಲೆಯುತ್ತಾರೆ. ಇನ್ನೊಂದು ಬಳಗ ಅವೆನ್ಯೂ ರಸ್ತೆಯ ಹಳೆ ಪುಸ್ತಕಗಳ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಸಂಚಿಕೆ ತಿರುವುತ್ತದೆ. ಎರಡೂ ಬೀದಿಗಳು ಕೆ.ಆರ್. ಮಾರುಕಟ್ಟೆಯ ಆಸುಪಾಸಿನವೇ, ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು. ಆದರೂ ಈ ಎರಡು ಬಳಗಗಳ ನಡುವೆ ಮಾತುಕತೆ ಕಡಿಮೆ. ಕಾರಿನವರಿಗೆ ಜಾಹೀರಾತೆಂದರೆ ಗೋಡೆಗೆ ಒಪ್ಪುವ ಚಿತ್ರ, ಕಾಗದದವರಿಗೆ ಕಾರೆಂದರೆ ಆ ಚಿತ್ರದೊಳಗಿನ ಒಂದು ವಸ್ತು.

ಈ ಪತ್ರ ಬರೆಯಲು ಕಾರಣ ಒಂದೇ. ಕಾಗದವನ್ನು ಪ್ರೀತಿಸುವವರು ಕಾಗದವನ್ನು ಕತ್ತರಿಸುತ್ತಿದ್ದಾರೆ, ಕಾರನ್ನು ಪ್ರೀತಿಸುವವರು ಕಾರನ್ನು ಕೆರೆಯುತ್ತಿದ್ದಾರೆ. ಇಬ್ಬರ ಪ್ರೀತಿಯೂ ನಿಜ. ಆ ಪ್ರೀತಿಯಿಂದ ಆಗುತ್ತಿರುವ ನಷ್ಟವೂ ಅಷ್ಟೇ ನಿಜ. ಅದನ್ನು ನಿಲ್ಲಿಸಬಲ್ಲವರು ನೀವೇ ಆದ್ದರಿಂದ ನಿಮಗೇ ಬರೆಯುತ್ತಿದ್ದೇನೆ.

ಮೊದಲು ಕಾಗದದ ಮಾತು. ರದ್ದಿಗೆ ಬಂದ ಹಳೆಯ ‘ಇಲಸ್ಟ್ರೇಟೆಡ್ ವೀಕ್ಲಿ’ ಕಟ್ಟೊಂದನ್ನು ವ್ಯಾಪಾರಿ ಕೊಳ್ಳುತ್ತಾನೆ ಎನ್ನಿ. ಒಳಗೆ ಕಾರು, ಟೈರು, ಎಂಜಿನ್ ಎಣ್ಣೆಯ ಜಾಹೀರಾತುಗಳಿವೆ. ಇಡೀ ಸಂಚಿಕೆಗೆ ಸಿಗುವ ಬೆಲೆಗಿಂತ ಬಿಡಿ ಹಾಳೆಗಳಿಗೆ ಸಿಗುವ ಬೆಲೆ ಹೆಚ್ಚು. ಹಾಗಾಗಿ ಬ್ಲೇಡು ಹೊರಬರುತ್ತದೆ. ಜಾಹೀರಾತಿನ ಪುಟಗಳು ಗಾಜಿನ ಚೌಕಟ್ಟಿನೊಳಗೆ ಸೇರಿ ಯಾವುದೋ ಕಾಫಿ ಅಂಗಡಿಯ ಗೋಡೆಗೆ ಹೋಗುತ್ತವೆ, ಉಳಿದದ್ದು ತೂಕದ ಲೆಕ್ಕದಲ್ಲಿ ಗುಜರಿಗೆ. ಕೊಳ್ಳುವವರಿಲ್ಲದೆ ಕತ್ತರಿಸುವವರಿಲ್ಲ. ವ್ಯಾಪಾರಿಯನ್ನು ದೂರಿ ಪ್ರಯೋಜನವಿಲ್ಲ, ಅವನ ಗಿರಾಕಿಗಳು ನಾವು.

ಹೀಗೆ ಕತ್ತರಿಸಿದ ಹಾಳೆ ಕಳೆದುಕೊಳ್ಳುವ ಮೊದಲ ಸಂಗತಿ ಅದರ ತಾರೀಖು. ಪತ್ರಿಕೆಯ ಹೆಸರೂ ತಿಂಗಳೂ ಪುಟದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿರುತ್ತವೆ. ಚೌಕಟ್ಟಿಗೆ ಹೊಂದಿಸುವಾಗ ಆ ಅಂಚೇ ಮೊದಲು ಹೋಗುತ್ತದೆ. ತಾರೀಖಿಲ್ಲದ ಜಾಹೀರಾತು ನೋಡಲು ಚೆಂದ, ಆದರೆ ಸಾಕ್ಷಿ ಹೇಳಲು ಬಾರದು. ಯಾವ ವರ್ಷದ ಮಾದರಿಗೆ ಯಾವ ಗ್ರಿಲ್, ಯಾವ ಬಂಪರ್ ಎಂದು ತೀರ್ಮಾನಿಸಬೇಕಾದಾಗ ಅದನ್ನು ಮುಂದಿಟ್ಟುಕೊಂಡು ವಾದಿಸಲಾಗದು.

ಅಂಚು ಹೋದ ಹಾಳೆಯಿಂದಲೂ ಕಾಲವನ್ನು ಸ್ವಲ್ಪ ಮಟ್ಟಿಗೆ ಹಿಡಿಯಬಹುದು. ನಮ್ಮ ದೇಶದ ಜಾಹೀರಾತುಗಳಲ್ಲಿ ಅದಕ್ಕೆ ಒಳ್ಳೆಯ ಗುರುತುಗಳಿವೆ. ಬೆಲೆ ಆಣೆಯಲ್ಲಿದ್ದರೆ ಅದು 1957ರ ಏಪ್ರಿಲ್‌ಗೆ ಮುಂಚಿನದು ಎನ್ನಬಹುದು. ‘ನಯೇ ಪೈಸೆ’ ಎಂದಿದ್ದರೆ ಅಲ್ಲಿಂದ 1964ರವರೆಗಿನ ಅವಧಿ. ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್‌ಗೆ ಹಿಂದಿನದು. ಎಸ್ಸೋ ಹೆಸರು 1974ರಲ್ಲಿ ಹಿಂದೂಸ್ತಾನ್ ಪೆಟ್ರೋಲಿಯಂ ಆಯಿತು, ಬರ್ಮಾ ಶೆಲ್ 1976ರಲ್ಲಿ ಸರ್ಕಾರದ ವಶಕ್ಕೆ ಬಂದು ಭಾರತ್ ಪೆಟ್ರೋಲಿಯಂಗೆ ಬುನಾದಿಯಾಯಿತು. ಮೈಲಿ ಇದೆಯೋ ಕಿಲೋಮೀಟರೋ, ಗ್ಯಾಲನ್ನೋ ಲೀಟರೋ ಎಂಬುದೂ ಸುಳಿವೇ. ಹೀಗೆ ಹುಡುಕುತ್ತ ಹೋಗುವುದರಲ್ಲಿ ಒಂದು ಖುಷಿ ಇದೆ, ನಿಜ. ಆದರೆ ಇವೆಲ್ಲ ಗಾಯವಾದ ಮೇಲಿನ ಮದ್ದು. ಸಂಚಿಕೆ ಇಡಿಯಾಗಿದ್ದರೆ ಮುಖಪುಟ ನೋಡಿದರೆ ಸಾಕು.

ಇನ್ನೊಂದು ವಿಷಯ ನಿಮ್ಮಲ್ಲಿ ಅನೇಕರ ಗಮನಕ್ಕೆ ಬಂದಿರಲಿಕ್ಕಿಲ್ಲ. ಹಿಂದಿನ ಕಾಲದಲ್ಲಿ ಗ್ರಂಥಾಲಯಗಳು ಪತ್ರಿಕೆಗಳನ್ನು ಬೈಂಡ್ ಮಾಡಿಸುವಾಗ ಜಾಹೀರಾತಿನ ಪುಟಗಳನ್ನೂ ಮುಖಪುಟಗಳನ್ನೂ ಕಿತ್ತುಹಾಕುವ ಪದ್ಧತಿ ಹಲವು ದೇಶಗಳಲ್ಲಿತ್ತು. ಜಾಗ ಉಳಿಯುತ್ತದೆ, ಲೇಖನಗಳಷ್ಟೇ ಮುಖ್ಯ ಎಂಬ ಎಣಿಕೆ. ‘ನ್ಯಾಷನಲ್ ಜಿಯಾಗ್ರಫಿಕ್’ನಲ್ಲಂತೂ ಜಾಹೀರಾತುಗಳು ಸಂಚಿಕೆಯ ಮುಂದೆ ಮತ್ತು ಹಿಂದೆ ಒಟ್ಟಾಗಿ ಇರುತ್ತಿದ್ದುದರಿಂದ ಅವನ್ನು ಕಿತ್ತೆಸೆಯುವುದು ಬೈಂಡರಿಗೆ ಸುಲಭವಾಗಿತ್ತು. ಹೀಗಾಗಿ ಕಪಾಟಿನಲ್ಲಿ ಭದ್ರವಾಗಿ ಕೂತಿರುವ ದಪ್ಪ ಸಂಪುಟದಲ್ಲಿ ನಮಗೆ ಬೇಕಾದದ್ದೇ ಇಲ್ಲದಿರಬಹುದು. ಅದು ಇರುವುದು ಯಾರದೋ ಮನೆಯ ಅಟ್ಟದ ಮೇಲೆ, ಬೈಂಡ್ ಆಗದೆ ಉಳಿದ ಬಿಡಿ ಸಂಚಿಕೆಗಳಲ್ಲಿ. ಬ್ಲೇಡಿಗೆ ಸಿಗುತ್ತಿರುವುದೂ ಅವೇ.

ಜಾಹೀರಾತನ್ನು ಇಷ್ಟು ದೊಡ್ಡ ಸಾಕ್ಷಿ ಎನ್ನುತ್ತಿದ್ದೇನಲ್ಲ, ಅದರ ಮಾತನ್ನು ಎಷ್ಟು ನಂಬಬಹುದು? ಕಾರು ಸಂಗ್ರಾಹಕರು ಈ ಪ್ರಶ್ನೆ ಕೇಳಲೇಬೇಕು.

ಅಮೆರಿಕದ ಪಾಂಟಿಯಾಕ್ ಕಾರುಗಳ ಜಾಹೀರಾತನ್ನೇ ನೋಡಿ. 1959ರಿಂದ 1971ರವರೆಗೆ ಆರ್ಟ್ ಫಿಟ್ಜ್‌ಪ್ಯಾಟ್ರಿಕ್ ಮತ್ತು ವ್ಯಾನ್ ಕಾಫ್‌ಮನ್ ಎಂಬ ಇಬ್ಬರು ಕಲಾವಿದರು ಅವನ್ನು ಜೊತೆಯಾಗಿ ಬರೆದರು. ಫಿಟ್ಜ್‌ಪ್ಯಾಟ್ರಿಕ್ ಕಾರು ಬಿಡಿಸುತ್ತಿದ್ದರು, ಕಾಫ್‌ಮನ್ ಅದರ ಹಿಂದಿನ ಕಡಲತೀರ, ಹೋಟೆಲು, ಮಂದಿ ಬಿಡಿಸುತ್ತಿದ್ದರು. ಕಾಫ್‌ಮನ್ ಹಿಂದೆ ಡಿಸ್ನಿ ಸ್ಟುಡಿಯೋದಲ್ಲಿ ಕೆಲಸ ಮಾಡಿದವರು. ಚಕ್ರಗಳ ನಡುವಿನ ಅಗಲವೇ ಆ ಕಾರಿನ ಹೆಗ್ಗಳಿಕೆ ಎಂದು ಕಂಪನಿ ಸಾರುತ್ತಿದ್ದ ಕಾಲ ಅದು. ಚಿತ್ರದಲ್ಲಿ ಕಾರು ಇದ್ದದ್ದಕ್ಕಿಂತ ಅಗಲವಾಗಿ, ನೆಲಕ್ಕೆ ಒರಗಿದಂತೆ ಕಾಣುತ್ತದೆ. ಅಮೆರಿಕದ ಜಾಹೀರಾತು ಕಲೆಯಲ್ಲಿ ಇದಕ್ಕಿಂತ ಸೊಗಸಾದ ಕೆಲಸ ನನಗೆ ಕಂಡಿಲ್ಲ. ನೀರಿನ ಮೇಲೆ ಬೀಳುವ ಸಂಜೆಯ ಬೆಳಕು ಕ್ರೋಮ್ ಪಟ್ಟಿಯಲ್ಲಿ ಮತ್ತೆ ಕಾಣುವಂತೆ ಬರೆಯಬಲ್ಲವರು ಅವರು. ಆದರೆ ಆ ಚಿತ್ರವನ್ನು ಎದುರಿಟ್ಟುಕೊಂಡು ಬಂಪರಿನ ಅಳತೆ ತೆಗೆದರೆ ಕೆಲಸ ಕೆಟ್ಟಿತು.

ಅದಕ್ಕೂ ಹಿಂದಿನ ಉದಾಹರಣೆ ಕ್ಲೀವ್‌ಲೆಂಡಿನ ಜೋರ್ಡನ್ ಕಂಪನಿಯದು. ಅದರ ಒಡೆಯ ನೆಡ್ ಜೋರ್ಡನ್ 1923ರಲ್ಲಿ ‘ಸ್ಯಾಟರ್‌ಡೇ ಈವ್ನಿಂಗ್ ಪೋಸ್ಟ್’ನಲ್ಲಿ ‘ಪ್ಲೇಬಾಯ್’ ಎಂಬ ಕಾರಿಗೆ ಕೊಟ್ಟ ಜಾಹೀರಾತಿನಲ್ಲಿ ಎಂಜಿನ್ನಿನ ಮಾತಿಲ್ಲ, ಬೆಲೆಯ ಮಾತಿಲ್ಲ. ವಯೋಮಿಂಗ್‌ನ ಬಯಲು, ಕುದುರೆ ಪಳಗಿಸುವ ಹುಡುಗಿ, ಗಾಳಿಗೆ ಎದುರಾಗಿ ಓಡುವ ಕಾರು ಇಷ್ಟೇ. ಅಲ್ಲಿಯವರೆಗೆ ಕಾರಿನ ಜಾಹೀರಾತು ಹೆಚ್ಚಾಗಿ ಯಂತ್ರದ ಗುಣಪಟ್ಟಿಯಾಗಿತ್ತು. ಅದನ್ನು ಕನಸಿನ ಮಾರಾಟವಾಗಿ ಮಾಡಿದವರಲ್ಲಿ ಜೋರ್ಡನ್ ಮುಂಚೂಣಿಯವರು. ಕಂಪನಿ 1931ರ ಹೊತ್ತಿಗೆ ಮುಳುಗಿತು, ಜಾಹೀರಾತು ಉಳಿಯಿತು. ಕ್ಯಾಡಿಲಾಕ್‌ಗಾಗಿ ಥಿಯೋಡೋರ್ ಮ್ಯಾಕ್‌ಮೇನಸ್ ಬರೆದು ಅದೇ ಪತ್ರಿಕೆಯಲ್ಲಿ 1915ರ ಜನವರಿ 2ರಂದು ಅಚ್ಚಾದ ಪುಟ ಇನ್ನೂ ಒಂದು ಹೆಜ್ಜೆ ಮುಂದೆ. ಅದರಲ್ಲಿ ಕಾರಿನ ಚಿತ್ರವೇ ಇಲ್ಲ. ಹೊಸ ವಿ-8 ಎಂಜಿನ್ನಿನ ಮೇಲೆ ಬಂದ ಟೀಕೆಗೆ ಉತ್ತರವಾಗಿ, ಮುಂದಾಳುವಾದವನು ತೆರಬೇಕಾದ ಬೆಲೆಯ ಬಗ್ಗೆ ಒಂದು ಸಣ್ಣ ಪ್ರಬಂಧ ಮಾತ್ರ.

ಇಂಥವು ಕಾರಿನ ಬಗ್ಗೆ ಹೇಳುವುದು ಕಡಿಮೆ, ಕಾರು ಕೊಳ್ಳುವವರ ಆಸೆಯ ಬಗ್ಗೆ ಹೇಳುವುದು ಹೆಚ್ಚು. ಅದೂ ಚರಿತ್ರೆಯೇ. ಆದರೆ ಗ್ಯಾರೇಜಿನಲ್ಲಿ ನೆರವಾಗುವ ಜಾಹೀರಾತುಗಳು ಬೇರೆ ಬಗೆಯವು. ಅವುಗಳಿಗೆ ಚೌಕಟ್ಟಿನ ಮಾರುಕಟ್ಟೆಯಲ್ಲಿ ಬೆಲೆಯೇ ಇಲ್ಲ. ಬಣ್ಣದ ಕಂಪನಿಯ, ಬ್ಯಾಟರಿಯ, ಹಾರ್ನಿನ, ಸೀಟಿನ ಬಟ್ಟೆಯ, ಲೋಹದ ಲೇಪದ ಕಪ್ಪು-ಬಿಳುಪು ಜಾಹೀರಾತುಗಳು ಯಾವ ವಸ್ತು ಯಾವಾಗ ಬಳಕೆಗೆ ಬಂತು ಎಂದು ಹೇಳುತ್ತವೆ.

ಡ್ಯೂಪಾಂಟ್ ಕಂಪನಿಯ ‘ಡ್ಯೂಕೊ’ ಬಣ್ಣವನ್ನು ತೆಗೆದುಕೊಳ್ಳಿ. ನೈಟ್ರೋಸೆಲ್ಯುಲೋಸ್‌ನ ಈ ಲ್ಯಾಕರ್ 1923ರಲ್ಲಿ, 1924ರ ಮಾದರಿಯ ಓಕ್‌ಲ್ಯಾಂಡ್ ಕಾರಿನ ಮೇಲೆ ಮೊದಲು ಬಂತು. ಅದಕ್ಕೆ ಹಿಂದಿನ ವಾರ್ನಿಷ್ ಬಣ್ಣಗಳು ಪದರ ಪದರವಾಗಿ ಒಣಗಲು ವಾರಗಳೇ ಬೇಕಾಗುತ್ತಿದ್ದವು, ಇದು ಗಂಟೆಗಳಲ್ಲಿ ಒಣಗಿತು. ಕಾರ್ಖಾನೆಯಲ್ಲಿ ಬಗೆಬಗೆಯ ಬಣ್ಣದ ಕಾರುಗಳನ್ನು ವೇಗವಾಗಿ ತಯಾರಿಸಲು ಸಾಧ್ಯವಾದದ್ದು ಅಲ್ಲಿಂದ ಮುಂದೆ. ಫೋರ್ಡ್‌ನ ಮಾಡೆಲ್ ಟಿ ಕರಿಬಣ್ಣದಲ್ಲಿ ಮಾತ್ರ ಸಿಗುತ್ತಿತ್ತು ಎಂದು ಎಲ್ಲರೂ ಹೇಳುತ್ತಾರೆ. ಅದು 1914ರಿಂದ 1925ರವರೆಗಿನ ಮಾತು. 1908ರಲ್ಲಿ ಹುಟ್ಟಿದ ಆ ಕಾರಿಗೆ ಮೊದಲ ವರ್ಷಗಳಲ್ಲಿ ಕೆಂಪು, ಹಸಿರು, ಬೂದು ಬಣ್ಣಗಳಿದ್ದವು, ಕೊನೆಯಲ್ಲಿ ಮತ್ತೆ ಬಣ್ಣಗಳು ಬಂದವು. ಆಯಾ ವರ್ಷದ ಕ್ಯಾಟಲಾಗ್ ಕೈಯಲ್ಲಿದ್ದವರು ಮಾತ್ರ ಇದನ್ನು ಖಚಿತವಾಗಿ ಹೇಳಬಲ್ಲರು.

ಕ್ರೋಮ್ ವಿಷಯವೂ ಹಾಗೆಯೇ. ಕಾರುಗಳಿಗೆ ಕ್ರೋಮ್ ಲೇಪ ಬಂದದ್ದು 1920ರ ದಶಕದ ಕೊನೆಯ ವರ್ಷಗಳಲ್ಲಿ. ಅದಕ್ಕೆ ಮುಂಚೆ ರೇಡಿಯೇಟರಿನ ಕಟ್ಟು, ದೀಪದ ಬಳೆ ಎಲ್ಲಕ್ಕೂ ನಿಕಲ್ ಅಥವಾ ಬರೀ ಹಿತ್ತಾಳೆ. ನಿಕಲ್‌ನ ಹೊಳಪಿನಲ್ಲಿ ಸಣ್ಣ ಹಳದಿ ಛಾಯೆ, ಒಂದು ಬೆಚ್ಚನೆ ಇದೆ. ಕ್ರೋಮ್‌ನದು ನೀಲಿ ಬೆರೆತ ತಣ್ಣನೆಯ ಹೊಳಪು. ನಮ್ಮ ರ‍್ಯಾಲಿಗಳಲ್ಲಿ 1920ರ ದಶಕದ ಆರಂಭದ ಕಾರೊಂದು ಕಣ್ಣು ಕುಕ್ಕುವ ಕ್ರೋಮ್ ಹೊದ್ದು ನಿಂತಾಗ ಜನ ಚಪ್ಪಾಳೆ ತಟ್ಟುತ್ತಾರೆ. ನನಗೆ ಮಾತ್ರ ಸಂಕಟವಾಗುತ್ತದೆ. ಎಷ್ಟು ಹಣ, ಎಷ್ಟು ಶ್ರಮ ಸುರಿದು ಆ ಕಾರಿನ ನಿಜವಾದ ಮುಖವನ್ನೇ ಮುಚ್ಚಿಬಿಟ್ಟರಲ್ಲ!

ನಮ್ಮ ದೇಶದ ಕಾರುಗಳಿಗೆ ಬಂದರೆ ಈ ಕಾಗದಗಳ ಬೆಲೆ ಇನ್ನೂ ಹೆಚ್ಚು. ಜನರಲ್ ಮೋಟಾರ್ಸ್ 1928ರಲ್ಲಿ ಮುಂಬೈಯ ಶಿವಡಿಯಲ್ಲಿ ಕಾರು ಜೋಡಿಸುವ ಕಾರ್ಖಾನೆ ತೆರೆಯಿತು, ಫೋರ್ಡ್ ಕೂಡ ಇಲ್ಲಿ ಜೋಡಣೆ ನಡೆಸುತ್ತಿತ್ತು. ಇಲ್ಲಿಯೇ ಬಿಡಿಭಾಗ ತಯಾರಿಸುವ ಯೋಜನೆ ಇಲ್ಲದವರು ಹೊರಡಬೇಕೆಂದು 1953ರಲ್ಲಿ ಸರ್ಕಾರ ತೀರ್ಮಾನಿಸಿದ ಮೇಲೆ ಇಬ್ಬರೂ ಬಾಗಿಲು ಹಾಕಿದರು. ಉಳಿದದ್ದು ಮುಖ್ಯವಾಗಿ ಮೂರು ಮನೆಗಳು: ಉತ್ತರಪಾರಾದ ಹಿಂದೂಸ್ತಾನ್ ಮೋಟಾರ್ಸ್, ಕುರ್ಲಾದ ಪ್ರೀಮಿಯರ್, ಮದ್ರಾಸಿನ ಸ್ಟ್ಯಾಂಡರ್ಡ್. ಅಂಬಾಸಿಡರ್, ಫಿಯೆಟ್, ಹೆರಾಲ್ಡ್. ಕಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ ತಯಾರಕರಿಗೆ ಗಿರಾಕಿಯನ್ನು ಕೂಗಿ ಕರೆಯುವ ಅವಸರವಿರಲಿಲ್ಲ. ಪೈಪೋಟಿ ಇದ್ದದ್ದು ಕಾರಿನ ಸುತ್ತಲಿನ ಸಾಮಾನುಗಳಲ್ಲಿ: ಡನ್‌ಲಪ್, ಫೈರ್‌ಸ್ಟೋನ್ ಟೈರುಗಳು, ಬರ್ಮಾ ಶೆಲ್, ಕ್ಯಾಲ್ಟೆಕ್ಸ್, ಎಸ್ಸೋ ಎಣ್ಣೆಗಳು, ಎಕ್ಸೈಡ್ ಬ್ಯಾಟರಿ. ನಮ್ಮ ಬೆಂಗಳೂರಿನ ಮೈಕೋ ಕೂಡ ಈ ಸಾಲಿನದೇ. 1951ರಲ್ಲಿ ಸ್ಥಾಪನೆಯಾದ ಈ ಕಂಪನಿ ಆಡುಗೋಡಿಯ ಕಾರ್ಖಾನೆಯಲ್ಲಿ ಬಾಷ್ ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಪಂಪುಗಳನ್ನೂ ತಯಾರಿಸಿತು. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಮೈಕೋ ಎಂದರೆ ಸಂಬಳ, ಬಸ್ಸು, ಕ್ಯಾಂಟೀನು. ಅದರ ಜಾಹೀರಾತುಗಳು ಆ ಊರಿನ ಚರಿತ್ರೆಯ ಪುಟಗಳೂ ಹೌದು. ಸಂಗ್ರಾಹಕರು ಪಾಂಟಿಯಾಕ್‌ಗೆ ಕೊಡುವ ಗಮನದಲ್ಲಿ ಕಾಲು ಭಾಗವನ್ನಾದರೂ ಇವುಗಳಿಗೆ ಕೊಡಬೇಕೆಂದು ನನ್ನ ಆಸೆ.

ಮೈಸೂರಿನ ಐಡಿಯಲ್ ಜಾವಾ ಕಾರಲ್ಲ, ಮೋಟಾರ್‌ಸೈಕಲ್ಲು. ಆದರೂ ಅದನ್ನು ಹೆಸರಿಸದೆ ಕರ್ನಾಟಕದವರಿಗೆ ಈ ಪತ್ರ ಬರೆಯಲಾಗದು. ಜೆಕ್ ನಾಡಿನ ಜಾವಾವನ್ನು 1960ರ ದಶಕದ ಆರಂಭದಿಂದ ಇಲ್ಲಿ ಕಟ್ಟಿದರು, 1973ರಲ್ಲಿ ಹೆಸರು ಯೆಜ್ಡಿ ಆಯಿತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಪ್ರತಿ ಜುಲೈಯಲ್ಲಿ ಬೆಂಗಳೂರು, ಮೈಸೂರಿನ ಹುಡುಗರು ಆ ಗಾಡಿಗಳನ್ನು ಸಾಲುಗಟ್ಟಿ ಓಡಿಸುವುದನ್ನು ನೋಡಿದ್ದೀರಿ. ಅವರಲ್ಲಿ ಹಲವರು ಮೂಲ ಹ್ಯಾಂಡ್‌ಬುಕ್ಕು, ಬಿಡಿಭಾಗಗಳ ಪಟ್ಟಿಯನ್ನು ಪರಸ್ಪರ ಹಂಚಿಕೊಂಡು ಸರಿಯಾದ ಬಣ್ಣ, ಸರಿಯಾದ ಟ್ಯಾಂಕಿನ ಗುರುತು ಹುಡುಕುತ್ತಾರೆ. ಕಾರಿನವರು ಅವರಿಂದ ಕಲಿಯಬೇಕಾದದ್ದಿದೆ.

ಕಾರಿನವರ ಪಾಡು ಹೇಗಿದೆ ನೋಡಿ. ಅಂಬಾಸಿಡರ್ ಹೊರನೋಟಕ್ಕೆ ಬದಲಾಗಲೇ ಇಲ್ಲ ಎಂಬುದು ಜನರ ನಂಬಿಕೆ. 1950ರ ದಶಕದ ಕೊನೆಯ ಮೊದಲ ಮಾದರಿ, ಅರವತ್ತರ ದಶಕದ ಆರಂಭದ ಮಾರ್ಕ್ 2, 1975ರ ಮಾರ್ಕ್ 3, ಆಮೇಲಿನ ಮಾರ್ಕ್ 4 ಇವುಗಳ ಗ್ರಿಲ್ಲು, ದೀಪ, ಡ್ಯಾಶ್‌ಬೋರ್ಡುಗಳು ಬೇರೆ ಬೇರೆ. ಸಿಕ್ಕ ಸಾಮಾನು ಹಾಕಿ ಓಡಿಸಿದ ಕಾರು ಆದ್ದರಿಂದ ಇವು ಒಂದರದು ಇನ್ನೊಂದಕ್ಕೆ ಸೇರಿ ಕಲಸಿಹೋಗಿವೆ. ಮುಂಬಾಗಿಲಿನ ಕೀಲು ಹಿಂಬದಿಗಿದ್ದ ಮೊದಲ ಫಿಯೆಟ್ 1100ಗಳಿಗೆ ಆಮೇಲಿನ ಪದ್ಮಿನಿಯ ಭಾಗಗಳು ಕೂತಿವೆ. ಟ್ಯಾಕ್ಸಿಯಾಗಿ ದುಡಿದ ಕಾರಿನಲ್ಲಿ ಇದು ಸಹಜ. ‘ಮೂಲ ಸ್ಥಿತಿಗೆ ತಂದಿದ್ದೇವೆ’ ಎನ್ನುವಾಗ ಸಹಜವಲ್ಲ. ಯಾವುದು ಯಾವ ವರ್ಷದ್ದು ಎಂದು ತೀರ್ಮಾನಿಸಲು ಹಳೆಯ ಜಾಹೀರಾತು, ಕ್ಯಾಟಲಾಗ್, ಮಾಲೀಕರ ಕೈಪಿಡಿ ಬೇಕೇಬೇಕು. ಉತ್ತರಪಾರಾದಲ್ಲಿ 2014ರಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿತು. ಕಾರ್ಖಾನೆಗೆ ಪತ್ರ ಬರೆದು ಕೇಳುವ ಕಾಲ ಮುಗಿದಿದೆ.

ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ತಂದ ನಿಯಮ ಈ ಮಾತಿಗೆ ಕಾನೂನಿನ ಬಲವನ್ನೂ ಕೊಟ್ಟಿದೆ. 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಇಲ್ಲದೆ ಮೂಲ ರೂಪದಲ್ಲಿ ಉಳಿದ ಖಾಸಗಿ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ, ಸಂಖ್ಯೆಯಲ್ಲಿ ‘ವಿಎ’ ಅಕ್ಷರಗಳು. ಈಗಾಗಲೇ ನೋಂದಣಿ ಇರುವವರು ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಮೈಸೂರು ರಾಜ್ಯದ ಕಾಲದ ಸಂಖ್ಯೆಯಿರುವ ಕಾರಿನವರು ಇದನ್ನು ಮರೆಯಬಾರದು, ಆ ಫಲಕವೇ ಒಂದು ದಾಖಲೆ. ನಿತ್ಯದ ಓಡಾಟಕ್ಕೆ ಈ ಗಾಡಿ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ, ದುರಸ್ತಿಗೆ ಹೊರತರಬಹುದು. ‘ಮೂಲ ರೂಪ’ ಎಂಬುದನ್ನು ತೋರಿಸಿಕೊಡಬೇಕಾದವರು ನಾವು. ಅದಕ್ಕೆ ತಾರೀಖಿರುವ ಕಾಗದಕ್ಕಿಂತ ಒಳ್ಳೆಯ ಆಧಾರ ಎಲ್ಲಿದೆ?

ಈಗ ಕೆರೆಯುವ ಮಾತು. ಒಂದು ಕಾರು ಯಾರದೋ ಹಿತ್ತಲ ಶೆಡ್ಡಿನಲ್ಲಿ ಸಿಕ್ಕಿತು ಎಂದುಕೊಳ್ಳಿ. ಬಣ್ಣ ಮಾಸಿದೆ, ಸೀಟಿನ ಚರ್ಮ ಬಿರಿದಿದೆ, ಬಾಗಿಲ ಹಿಡಿಕೆಯ ಬಳಿ ತಲೆಮಾರುಗಳ ಬೆರಳು ತಾಗಿ ಬಣ್ಣ ಸವೆದು ತಗಡು ಇಣುಕಿದೆ. ನಮ್ಮಲ್ಲಿ ಮೊದಲು ಆಗುವ ಕೆಲಸ ಅದನ್ನು ಬರಿ ತಗಡಾಗಿ ಕೆರೆಯುವುದು. ಆಮೇಲೆ ಪುಟ್ಟಿ, ಪ್ರೈಮರ್, ಇಂದಿನ ಪಾಲಿಯುರಿಥೇನ್ ಬಣ್ಣದ ಮೇಲೆ ಗಾಜಿನಂಥ ಹೊದಿಕೆ, ಹೊಸ ಚರ್ಮ, ಎಲ್ಲೆಲ್ಲೂ ಕ್ರೋಮ್. ಕಾರ್ಖಾನೆಯಿಂದ ಹೊರಬಂದ ದಿನವೂ ಅದು ಅಷ್ಟು ಹೊಳೆದಿರಲಿಕ್ಕಿಲ್ಲ. ಮದುವೆಯ ಬಾಡಿಗೆಗೆ ಅದು ಚೆನ್ನ. ಆದರೆ ಆ ಕಾರಿನ ಮೈಮೇಲೆ ಬರೆದಿದ್ದ ಎಲ್ಲವೂ ಮರಳುಕಾಗದದ ಪುಡಿಯಾಗಿ ಗುಡಿಸಿಹೋಯಿತು.

ಜಗತ್ತಿನ ಅಭಿರುಚಿ ಈ ವಿಷಯದಲ್ಲಿ ಬದಲಾಗಿದೆ. ಹಳೆ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ ಹುಟ್ಟಿದ್ದು 1966ರಲ್ಲಿ. ಅದು 2012ರಲ್ಲಿ ಒಪ್ಪಿಕೊಂಡ ಟ್ಯೂರಿನ್ ಸನ್ನದು ಕಟ್ಟಡಗಳ ರಕ್ಷಣೆಗಾಗಿ 1964ರಲ್ಲಿ ಬಂದ ವೆನಿಸ್ ಸನ್ನದಿನ ದಾರಿಯಲ್ಲೇ ನಡೆಯುತ್ತದೆ: ಮೊದಲು ಇದ್ದದ್ದನ್ನು ಉಳಿಸಿ, ಆಗದಿದ್ದಾಗ ಮಾತ್ರ ಬದಲಿಸಿ, ಬದಲಿಸಿದ್ದನ್ನು ದಾಖಲಿಸಿ. ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್ ಸ್ಪರ್ಧೆ ಬಹುಕಾಲ ಕನ್ನಡಿಯಂತೆ ಹೊಳೆಯುವ ಕಾರುಗಳ ಆಡುಂಬೊಲವಾಗಿತ್ತು. 2024ರಲ್ಲಿ ಅಲ್ಲಿ ಎಲ್ಲಕ್ಕೂ ಮಿಗಿಲಾದ ಬಹುಮಾನ ಹೋದದ್ದು ಪುನರುಜ್ಜೀವನ ಮಾಡದೆ ಹಾಗೆಯೇ ಉಳಿಸಿಕೊಂಡ 1934ರ ಬುಗಾಟಿ ಟೈಪ್ 59ಕ್ಕೆ. ಒಂದು ಕಾಲಕ್ಕೆ ಬೆಲ್ಜಿಯಂ ದೊರೆ ಮೂರನೆಯ ಲಿಯೋಪೋಲ್ಡನ ಬಳಿಯಿದ್ದ ಕಾರು ಅದು. ಹಾಗೆಯೇ ಉಳಿದ ಕಾರೊಂದು ಆ ಬಹುಮಾನ ಪಡೆದದ್ದು ಅದೇ ಮೊದಲು. ಮೈಮೇಲಿನ ಬಿರುಕುಗಳೊಂದಿಗೇ ಅದು ಗೆದ್ದಿತು.

ಪ್ರತಿ ಕಾರನ್ನೂ ಮುಟ್ಟದೆ ಇಡಿ ಎಂದು ನಾನು ಹೇಳುವುದಿಲ್ಲ. ನಮ್ಮ ಮಲೆನಾಡಿನಲ್ಲಿ, ಕರಾವಳಿಯಲ್ಲಿ ತುಕ್ಕು ತಿಂದ ತಳಪಾಯವನ್ನು ಕತ್ತರಿಸಿ ಬೆಸೆಯದಿದ್ದರೆ ಕಾರೇ ಉಳಿಯುವುದಿಲ್ಲ. ಬ್ರೇಕು, ಸ್ಟಿಯರಿಂಗು, ವೈರಿಂಗು ಜೀವದ ವಿಷಯ, ಅಲ್ಲಿ ರಾಜಿ ಬೇಡ. ಈಗ ಬಂಕುಗಳಲ್ಲಿ ಬರುವ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಇರುತ್ತದೆ. ಅದು ಹಳೆಯ ರಬ್ಬರ್ ಕೊಳವೆ, ಪಂಪಿನ ಡಯಾಫ್ರಮ್, ಕಾರ್ಕ್ ವಾಷರುಗಳನ್ನು ಹಾಳುಮಾಡುತ್ತದೆ, ನೀರನ್ನೂ ಎಳೆದುಕೊಳ್ಳುತ್ತದೆ. ಅವನ್ನು ಎಥನಾಲ್ ತಾಳುವ ಸಾಮಾನಿಗೆ ಬದಲಿಸಲೇಬೇಕು, ಗಾಡಿ ನಿಲ್ಲಿಸುವ ಮುನ್ನ ಟ್ಯಾಂಕು ಬರಿದು ಮಾಡಬೇಕು. ಮುಂದೊಂದು ದಿನ ತೆಗೆದು ಹಿಂದಿನಂತೆ ಮಾಡಬಲ್ಲ ಬದಲಾವಣೆಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಹಿಂದಿರುಗಿಸಲಾಗದ ಬದಲಾವಣೆಗೆ.

ಹಾಗೆ ಕೆರೆಯಲೇಬೇಕಾದರೂ ಒಂದಿಷ್ಟು ಬಿಡಿ. ಡ್ಯಾಶ್‌ಬೋರ್ಡಿನ ಹಿಂದೆ, ಸೀಟಿನ ಅಡಿಯಲ್ಲಿ, ಬಾಗಿಲಿನ ಒಳಹಲಗೆಯ ಹಿಂದೆ ಬಿಸಿಲು ಕಾಣದ ಮೂಲ ಬಣ್ಣ ಇರುತ್ತದೆ. ಅಂಗೈಯಗಲದ ಜಾಗವನ್ನು ಹಾಗೆಯೇ ಉಳಿಸಿ, ಹಗಲು ಬೆಳಕಿನಲ್ಲಿ ಫೋಟೋ ತೆಗೆದಿಡಿ. ಜಾಹೀರಾತಿನ ಬಣ್ಣವನ್ನು ನೋಡಿ ಪೇಂಟರಿಗೆ ಶೇಡ್ ಹೇಳಬೇಡಿ. ಅಚ್ಚಿನ ಶಾಯಿ ಮೊದಲೇ ಕಾರಿನ ಬಣ್ಣವಲ್ಲ, ಕಾಲದೊಂದಿಗೆ ಅದೂ ಮಾಸಿದೆ. ಬಣ್ಣದ ಹೆಸರು, ಎರಡು ಬಣ್ಣಗಳ ಗಡಿ ಎಲ್ಲಿ ಬೀಳುತ್ತಿತ್ತು, ಪಟ್ಟಿ ಎಷ್ಟು ದಪ್ಪ ಎಂಬುದಕ್ಕೆ ಜಾಹೀರಾತನ್ನು ಕೇಳಿ, ಶೇಡ್‌ಗೆ ತಗಡನ್ನು ಕೇಳಿ.

ಕೇಳಬೇಕಾದ ಇನ್ನೊಬ್ಬರಿದ್ದಾರೆ, ನಮ್ಮ ಮೇಸ್ತ್ರಿಗಳು. ಪುಟ್ಟಿ ಬಳಸದೆ ಸೀಸ ಕರಗಿಸಿ ತಗಡಿನ ತಗ್ಗು ತುಂಬಬಲ್ಲ ಟಿಂಕರ್, ಕುಂಚದಲ್ಲಿ ಒಂದೇ ಉಸಿರಿಗೆ ಬಾಗಿಲುದ್ದದ ಗೆರೆ ಎಳೆಯಬಲ್ಲ ಪೇಂಟರ್, ಕಿವಿಯಿಂದಲೇ ಕಾರ್ಬ್ಯುರೇಟರ್ ಹೊಂದಿಸಬಲ್ಲ ಮೆಕ್ಯಾನಿಕ್ ನಮ್ಮ ಸಣ್ಣ ಊರುಗಳಲ್ಲಿ ಇನ್ನೂ ಇದ್ದಾರೆ, ಆದರೆ ವಯಸ್ಸಾಗಿದೆ. ರ‍್ಯಾಲಿಯಲ್ಲಿ ಕಾರಿನ ಮುಂದೆ ಇಡುವ ಫಲಕದಲ್ಲಿ ಮಾಲೀಕರ ಹೆಸರಿರುತ್ತದೆ, ತಯಾರಿಕೆಯ ವರ್ಷ ಇರುತ್ತದೆ, ಅವರ ಹೆಸರಿರುವುದಿಲ್ಲ. ಇದು ಅನ್ಯಾಯ. ಆ ಫಲಕದಲ್ಲಿ ಒಂದು ಸಾಲು ಸೇರಿಸುವುದಕ್ಕೆ ಖರ್ಚಿಲ್ಲ. ಅವರು ಕೆಲಸ ಮಾಡುವಾಗ ಮೊಬೈಲಿನಲ್ಲಿ ಚಿತ್ರೀಕರಿಸಿ, ಮಾತಾಡಿಸಿ. ಯಾವ ಕಾಲದಲ್ಲಿ ಯಾವ ಬಣ್ಣ ಬಂತು, ಯಾವ ಸಾಮಾನು ಸಿಗದಿದ್ದಾಗ ಏನು ಮಾಡಿದರು ಎಂಬುದು ಯಾವ ಕೈಪಿಡಿಯಲ್ಲೂ ಇಲ್ಲ.

ಕಾಗದ ಕೂಡಿಡುವವರಿಗೆ ಕೆಲವು ಕೆಲಸದ ಮಾತು. ಹಳೆ ಪತ್ರಿಕೆಯ ಅಗ್ಗದ ಕಾಗದದಲ್ಲಿ ಮರದ ಲಿಗ್ನಿನ್ ಉಳಿದಿರುತ್ತದೆ. ಬೆಳಕು, ಗಾಳಿ ತಾಗಿ ಅದು ಹಳದಿಯಾಗಿ, ಆಮ್ಲವಾಗಿ, ಮುರಿಯುತ್ತದೆ. ಅದಕ್ಕೆ ಲ್ಯಾಮಿನೇಶನ್ ಮದ್ದಲ್ಲ, ಬಿಸಿ ಮತ್ತು ಅಂಟಿನಿಂದ ಹಾಳೆ ಶಾಶ್ವತವಾಗಿ ಕೆಡುತ್ತದೆ. ಸೆಲ್ಲೋಟೇಪ್ ಕಂದು ಕಲೆ ಬಿಟ್ಟು ಹೋಗುತ್ತದೆ. ಪಿವಿಸಿ ಚೀಲಗಳು ಬೇಡ, ಪಾಲಿಯೆಸ್ಟರ್ ಹಾಳೆಯ ಚೀಲ, ಆಮ್ಲರಹಿತ ರಟ್ಟು ಒಳ್ಳೆಯದು. ತುಕ್ಕು ಹಿಡಿದ ಪಿನ್ನನ್ನು ಜೋಪಾನವಾಗಿ ತೆಗೆಯಿರಿ. ಗೋಡೆಗೆ ತೂಗುಹಾಕಬೇಕೆಂದರೆ ಸ್ಕ್ಯಾನ್ ಮಾಡಿಸಿ ಪ್ರತಿಯನ್ನು ಹಾಕಿ, ಮೂಲ ಕತ್ತಲಲ್ಲಿರಲಿ. ಕೊಳ್ಳುವಾಗ ಭೂತಗನ್ನಡಿ ಇರಲಿ: ಹಳೆಯ ಅಚ್ಚಿನಲ್ಲಿ ಚುಕ್ಕೆಗಳು ಕ್ರಮವಾಗಿ ಜೋಡಿಸಿಕೊಂಡಿರುತ್ತವೆ, ಇಂಕ್‌ಜೆಟ್ ನಕಲಿನಲ್ಲಿ ಚೆಲ್ಲಾಪಿಲ್ಲಿ. ಎನಾಮಲ್ ತಗಡಿನ ಫಲಕಗಳಲ್ಲಿ ನಕಲು ವಿಪರೀತ. ನಿಜವಾದ ಎನಾಮಲ್ ಕಬ್ಬಿಣದ ಮೇಲೆ ಕರಗಿಸಿ ಕೂರಿಸಿದ ಗಾಜು, ಅದು ಚಿಪ್ಪಿನಂತೆ ಒಡೆಯುತ್ತದೆಯೇ ಹೊರತು ಬಣ್ಣದಂತೆ ಸಿಪ್ಪೆ ಏಳುವುದಿಲ್ಲ.

ಕನ್ನಡದ ಕಾಗದಗಳ ಬಗ್ಗೆ ನನ್ನ ಆತಂಕ ಇನ್ನೂ ಹೆಚ್ಚು. ಅಮೆರಿಕದ ವಾರಪತ್ರಿಕೆಗಳು ಲಕ್ಷಗಟ್ಟಲೆ ಅಚ್ಚಾದವು, ಒಂದು ಹರಿದರೂ ಇನ್ನೊಂದು ಎಲ್ಲೋ ಇದೆ. ‘ಕರ್ಮವೀರ’, ‘ಪ್ರಜಾಮತ’, ‘ಕಸ್ತೂರಿ’, ‘ಕೊರವಂಜಿ’, ‘ಸುಧಾ’ಗಳ ಹಳೆಯ ಬಿಡಿ ಸಂಚಿಕೆಗಳಿಗೆ ಆ ಭಾಗ್ಯವಿಲ್ಲ. ಕತೆ, ಕವನ, ನಗೆಬರಹಗಳನ್ನು ಯಾರಾದರೂ ಪುಸ್ತಕ ಮಾಡಿ ಉಳಿಸುತ್ತಾರೆ. ಪಕ್ಕದ ಅಂಕಣದಲ್ಲಿ ನಮ್ಮ ಭಾಷೆಯಲ್ಲಿ ಟೈರು, ಬ್ಯಾಟರಿ, ಬಸ್ಸು, ಸ್ಕೂಟರುಗಳನ್ನು ಮಾರಿದ ಆ ಸಾಲುಗಳನ್ನು ಯಾರೂ ಪುಸ್ತಕ ಮಾಡುವುದಿಲ್ಲ. ಹೊಸ ಯಂತ್ರ ನಮ್ಮ ಮನೆಯಂಗಳಕ್ಕೆ ಯಾವ ಮಾತಾಡುತ್ತ ಬಂತು ಎಂಬುದಕ್ಕೆ ಅವೇ ಆಧಾರ.

ಹಾಗಾಗಿ ಎರಡೂ ಬಳಗದವರಲ್ಲಿ ಕೇಳಿಕೊಳ್ಳುತ್ತೇನೆ. ಬಿಡಿ ಹಾಳೆ ಕೊ‍ಳ್ಳುವುದನ್ನು ನಿಲ್ಲಿಸಿ, ಇಡೀ ಸಂಚಿಕೆಗೆ ಹೆಚ್ಚು ಬೆಲೆ ಕೊಡಿ. ವ್ಯಾಪಾರಿಯ ಬ್ಲೇಡು ತಾನಾಗಿ ಒಳಗೆ ಹೋಗುತ್ತದೆ. ಈಗಾಗಲೇ ಕತ್ತರಿಸಿದ ಹಾಳೆ ನಿಮ್ಮಲ್ಲಿದ್ದರೆ ಗೊತ್ತಿರುವಷ್ಟು ವಿವರವನ್ನು ಬೇರೆ ಚೀಟಿಯಲ್ಲಿ ಬರೆದು ಜೊತೆಗಿಡಿ. ಕಾರಿನ ಕೆಲಸ ಶುರುಮಾಡುವವರು ಕೆರೆಯುವ ಮುನ್ನ ಕಾಗದದವರ ಮನೆಗೊಮ್ಮೆ ಹೋಗಿ. ಕಾಗದದವರು ನಿಮ್ಮ ಪೆಟ್ಟಿಗೆ ತೆರೆದು ಅವರಿಗೆ ತೋರಿಸಿ. ಹಳೆಯ ಕನ್ನಡ ಸಂಚಿಕೆಗಳು ಮನೆಯಲ್ಲಿದ್ದರೆ ಮುಖಪುಟದಿಂದ ಹಿಂಪುಟದವರೆಗೆ ಒಂದು ಪುಟವನ್ನೂ ಬಿಡದೆ, ಜಾಹೀರಾತೆಂದು ಯಾವುದನ್ನೂ ದಾಟದೆ ಸ್ಕ್ಯಾನ್ ಮಾಡಿಸಿ, ಒಂದು ಪ್ರತಿಯನ್ನು ನಿಮ್ಮ ಊರಿನ ಗ್ರಂಥಾಲಯಕ್ಕೆ ಕೊಡಿ. ಈ ಮಳೆಗಾಲಕ್ಕೆ ಮುಂಚೆಯೇ ಅಟ್ಟ ಹತ್ತಿ ನೋಡಿ.

ಇಂತಿ,
ನಿಮ್ಮ ಬಳಗದವನೇ ಒಬ್ಬ